ಅಣುಗ ಹಾಕಿದ ಒಡಪು

ಶೀತಲಳ ಕಣ್ಣು ಪುಸ್ತಕದ ಮ್ಯಾಲ ಇದ್ರೂ ಮನಸು ಮಾತ್ರ ಕಿಡಕಿ ಬಿಸಲಿನ್ಯಾಗ ತೇಲೂ ಧೂಳಿನ ಜೋಡಿ ತಿರಗ್ತಿತ್ತು. ಒಂದ ಕಣ ಮ್ಯಾಲ ಹೋಗೂದು, ಇನ್ನೊಂದು ತೆಳಗ ಬರೂದು, ಒಂದಕ್ಕೊಂದು ಹಾಯದಂಗ ಸರಕೊಳ್ಳೂದು. ಅದನ್ನ ನೋಡಕೋತ ಕುಂತ್ರ ಗಂಟಿ ಹೊಡದದ್ದೂ ಅಕಿಗಿ ಕೇಳ್ತಿರಲಿಲ್ಲ. ಹಿಂಗಾಗಿ ಮೊದಲನೇ ಪರೀಕ್ಷಾದಾಗ ವಿಜ್ಞಾನಕ್ಕ ಇಪ್ಪತ್ತಕ್ಕ ನಾಕ ಬಿದ್ವು.

ಚಪಳಗಾಂವದಾಗ ಏಳನೇತ್ತಾ ಮುಗಿಸಿ ಸೋಲಾಪುರದ ಮರಾಠಿ ಸಾಲಿಗಿ ಬಂದಾಕಿ ಅಕಿ. ಅಕ್ಕಲಕೋಟದಾಗ ಎಸ್‌ಟಿ ಬಸ್ ಹತ್ತಿಸುವಾಗ ಅಪ್ಪ ರೇವಣ್ಣ ಖಡಕ್ ಹೇಳಿದ್ದ: "ಛಾಯಾ ಮಾವ್ಶಿ ಮನ್ಯಾಗಿದ್ದು ಓದು. ಆದ್ರ ವಿಜ್ಞಾನದಾಗ ನಾಪಾಸಾದಿ ಅಂದ್ರ ದಿವಾಳಿ ಹಬ್ಬಕ್ಕ ಊರಿಗಿ ಬಂದಾಕಿ ತಿರಗಿ ಹೋಗಂಗಿಲ್ಲ, ನೋಡ."

ಸೋಲಾಪುರ ಬಿಡೂದು ಅಕಿಗಿ ಬ್ಯಾಡಾಗಿತ್ತು. ಸಾಲಿ ಪ್ರಯೋಗಶಾಳಾದಾಗ ಒಂದ ಗ್ಲಾಸಿನ್ಯಾಗ, ದಾರಕ್ಕ ಜೋತುಬಿದ್ದು, ಮೈಲತುತ್ತದ ನೀಲಿ ಹರಳು ಬೆಳ್ಯಾಕತ್ತಿತ್ತು. ದಿನಾ ಸಾಸಿವಿ ಕಾಳಿನಷ್ಟು ದೊಡ್ಡದಾಗ್ತಿತ್ತು. ಅದರೊಳಗ ಹೊಕ್ಕು ನೀಲಿ ಓಣಿಗಳ ತುಂಬ ಅಡ್ಡಾಡಿದಂಗ ಅಕಿಗಿ ಎರಡ ಸಲ ಕನಸ ಬಿದ್ದಿತ್ತು.

ವಿಜ್ಞಾನದ ಶರ್ವರಿ ಮ್ಯಾಡಮ್ ನಾಪಾಸಾದವ್ರಿಗಿ ಇನ್ನೊಂದ ದಾರಿ ಇಟ್ರು. "ಹತ್ತ ಶಬ್ದಕ್ಕ ಹತ್ತ ಶಬ್ದಕೋಡಿ, ಅಂದ್ರ ಒಗಟು, ನೀವ ಕಟ್ಟಬೇಕು. ಮರಾಠಿ, ಕನ್ನಡ, ತೆಲುಗು, ಯಾವ ಭಾಷಾದಾಗರೆ ಹಾಕ್ರಿ. ಉತ್ತರ ಮಾತ್ರ ನಮ್ಮ ಪುಸ್ತಕದ್ದ ಇರಬೇಕು. ಅದನ್ನ ಚೀಟ್ಯಾಗ ಬರದು ಮೊದಲ ನನ್ನ ಕಡಿ ಕೊಡ್ರಿ. ಕ್ಲಾಸು ಹೇಳಿದ ಉತ್ತರ ಚೀಟಿಗಿ ಕೂಡಿದ್ರ ಒಂದ ಮಾರ್ಕು. ಏಳ ಬಂದ್ರ ಪಾಸು."

ಆವತ್ತ ಸಂಜಿಕ ನವಿ ಪೇಠ ಬಾಜಾರದ ಹಿಂದ, ಅವ್ವನ ತಂಗಿ ಮಾವ್ಶಿ ಮನಿ ಮಾಳಗಿ ಮ್ಯಾಲ ಕುಂತು ಶೀತಲ ಊರಿಗಿ ಫೋನ್ ಹಚ್ಚಿದಳು.

"ಆಯಿ, ಈ ಹೆಸರ ತಲ್ಯಾಗ ನಿಂದ್ರವಲ್ವು. ಇಲೆಕ್ಟ್ರಾನ್, ಪ್ರೋಟಾನ್... ಓದೂತನಕ ಇರ್ತಾವ, ಪುಸ್ತಕ ಮುಚ್ಚಿದ್ರ ಹಾರತಾವ."

ಆಯಿ ಸುಗಲಾಬಾಯಿ ನಕ್ಕಳು. "ಸೀದಾ ಕರದ್ರ ಯಾವ ಹೆಸರ ನಿಂದರತೈತೆ ಹುಚ್ಚಿ? ಒಡಪಿನ್ಯಾಗ ಕಟ್ಟಿಹಾಕು. ನಿಮ್ಮ ಮುತ್ಯಾನ ಹೆಸರ ನಾ ಯಾವಾಗರೆ ಬರೇ ಬಾಯಲೆ ಅಂದೀನೇನು? ಒಡಪಿನ್ಯಾಗ ಅಂದೀನಿ. ಅದಕ್ಕ ಇನ್ನೂ ಮರತಿಲ್ಲ."

"ಮುತ್ಯಾನ ಹೆಸರ ಮರ್ಯಾಕ ಅದೇನ್ ರಸಾಯನ ಐತೇನ ಆಯಿ?"

"ಅಂವಾ ರಸಾಯನಕಿಂತಾ ಘಾಟ ಇದ್ದ, ಸುಮ್ಕಿರ."

ಫೋನ್ ಇಟ್ಟು ಶೀತಲ ಕಣ್ಣ ಮುಚ್ಚಿದಳು. ಬೋರಾಮಣಿ ಹುಲ್ಲಗಾವಲದಾಗ ಅಪ್ಪನ ಕುರಿದಡ್ಡಿ ಕಂಡಿತು. ನಡುವ ಕುರಿ ಒತ್ತೊತ್ತಾಗಿ ಮಲಗ್ಯಾವ. ಸುತ್ತ ನಾಯಿ ತಿರಗಾಕತ್ತೈತಿ. ಎಲ್ಲೈತಿ ಅಂತ ಬಟ್ಟ ಮಾಡಿ ತೋರಸೂದ್ರಾಗ ಅದು ಅಲ್ಲಿರಂಗಿಲ್ಲ. ಬರೇ ಒಂದ ಮಬ್ಬ ದುಂಡನ ಗೆರಿ ಉಳದಂಗ ಕಾಣಸತೈತಿ. ಅಕಿ ದಡಕ್ಕನ ಎದ್ದು ಬರದಳು:

"ನಡುವ ದಡ್ಡಿ, ಸುತ್ತ ನಾಯಿ. ಕುರಿ ಎಣಸಬಹುದು, ನಾಯಿ ಎಲ್ಲೈತಿ ಹೇಳ ತಾಯಿ?"

ಅದು ಇಲೆಕ್ಟ್ರಾನ್. ಮುಂದಿನವು ತಾವ ಬಂದ್ವು, ನಿದ್ದಿಗಣ್ಣಾಗ ಕುರಿ ಬಂದಂಗ. ಅರ್ಥ ತಿಳೀದಿದ್ರ ಗಡಿ ಆಚಿ ಇಂಡಿ ಊರಾಗ ಕನ್ನಡ ಸಾಲಿಗಿ ಹೋಗೂ ಮಾಮಾನ ಮಗಳು ಸಾರಿಕಾಗ ವಾಟ್ಸಾಪ್‌ನ್ಯಾಗ ಕೇಳ್ತಿದ್ದಳು. ಸಾರಿಕಾ ಪಟ್ಟನ ಹೇಳಿ ಕಳಸ್ತಿದ್ದಳು. "ಎರಡ ಮೂರ ಪರಮಾಣು ಕೂಡಿದ್ರ ಅದಕ್ಕ ಅಣು ಅಂತಾರಲೇ," ಅಂತ ಒಮ್ಮಿ ಹೇಳಿದಳು. ಅದಕ್ಕೂ ಶೀತಲ ಒಂದ ಛಲೋ ಒಡಪು ಕಟ್ಟಿದಳು.

ಶನಿವಾರ ಕ್ಲಾಸಿನ ಮುಂದ ನಿಂತು ಮೊದಲನೇದು ಹಾಕಿದಳು. ನಾಯಿ ಒಡಪು ಅರ್ಧಾ ಮುಗ್ಯೂದ್ರಾಗ ಹುಡಗ್ಯಾರು "ಇಲೆಕ್ಟ್ರಾನ್!" ಅಂತ ಚೀರಿದ್ರು.

"ಮೂವರು ಅಣ್ತಮ್ಮರು. ಒಬ್ಬ ಹೌದಂತಾನ, ಒಬ್ಬ ಅಲ್ಲಂತಾನ, ಒಬ್ಬ ಬಾಯೇ ಬಿಡಂಗಿಲ್ಲ. ಆ ಮೂಕ ಯಾರ?"

"ನಮ್ಮ ಕಾಕಾ!" ಅಂದಳು ಬಾಜೂ ಬೆಂಚಿನ ಕಾಜಲ. ಎಲ್ಲಾರೂ ನಕ್ಕರು. ಆಮ್ಯಾಲ ಅಕೀನ "ನ್ಯೂಟ್ರಾನ್" ಅಂದಳು.

ಮೂರ ಒಡಪು ಯಾರಿಗೂ ಒಡೀಲಿಲ್ಲ. ಒಂಬತ್ತು ಮುಗದಾಗ ಆರ ಮಾರ್ಕಾಗಿದ್ವು. ಹತ್ತನೇದ್ರ ಮ್ಯಾಲ ಎಲ್ಲಾ ನಿಂತಿತ್ತು. ಶೀತಲ ಅಂದಳು:

"ಒಬ್ಬರಿದ್ದಾಗ ನಾ ಇಲ್ಲ, ಕೈಗಿ ಕೈ ಕೂಡಿದ್ರ ನಾ ಎಲ್ಲ. ನೀರಿನ ಮನ್ಯಾಗ ಮೂರ ಮಂದಿ, ಬಿಡಿಸಿದ್ರ ನೀರೇ ಅಲ್ಲ."

"ರೇಣು!" ಇಡೀ ಕ್ಲಾಸು ಒಮ್ಮಿಗೇ ಕೂಗಿತು.

ಶರ್ವರಿ ಮ್ಯಾಡಮ್ ಚೀಟಿ ಬಿಚ್ಚಿದ್ರು. ಹುಬ್ಬ ಗಂಟಿಕ್ಕಿದ್ರು. "ಇದ್ರಾಗ ಅಣು ಅಂತ ಬರದೀಯಲ್ಲ, ಶೀತಲ?"

"ಅಯ್ಯ, ತಾ ಹಾಕಿದ ಕೋಡಿಗಿ ತಾನೇ ತಪ್ಪ್ಯಾಳ!" ಅಂದಳು ಕಾಜಲ.

ಶೀತಲಳ ಕಣ್ಣಮುಂದ ಆ ನೀಲಿ ಹರಳು ಗ್ಲಾಸಿನ ತಳಕ್ಕ ಜಾರಿ ಬಿದ್ದಂಗಾತು. "ಇಲ್ರಿ ಮ್ಯಾಡಮ್, ನಮ್ಮ ಸಾರಿಕಾನ ಕನ್ನಡ ಪುಸ್ತಕದಾಗ ಕೂಡಿ ಇರೂದಕ್ಕ ಅಣು ಅಂತಾರ್ರಿ. ಒಂಟಿ ಇರೂದು ಪರಮಾಣು."

"ನಮ್ಮ ಪುಸ್ತಕದಾಗ ಒಂಟಿ ಇರೂದ ಅಣು. ಕೂಡಿದ್ದು ರೇಣು."

ಕ್ಲಾಸು ಗುಜುಗುಜು ಅಂತು. ಶೀತಲ ಕಾಜಲಳ ಕಡಿ ತಿರಗಿದಳು. "ಏ ಕಾಜಲ, ನಿಮ್ಮನ್ಯಾಗ ಆಯಿ ಅಂದ್ರ ಯಾರ?"

"ಯಾರಂದ್ರ? ನನ್ನ ಹಡದಾಕಿ."

"ನಮ್ಮನ್ಯಾಗ ಆಯಿ ಅಂದ್ರ ಅಪ್ಪನ್ನ ಹಡದಾಕಿ. ಮತ್ತ ನಾ ತಪ್ಪೋ, ನೀ ತಪ್ಪೋ?"

ಶರ್ವರಿ ಮ್ಯಾಡಮ್‌ರಿಗಿ ನಗು ತಡೀಲಿಲ್ಲ. ಅವರ ಮನ್ಯಾಗೂ ಕನ್ನಡ ಇತ್ತು. "ಮಾತು ಖರೆ ಐತವಾ. ಆದ್ರ ಚೀಟಿ ಕೂಡಲಿಲ್ಲ, ಮಾರ್ಕು ಕೊಡಾಕ ಬರಂಗಿಲ್ಲ. ಒಂದ ಕೆಲಸ ಮಾಡು. ನಮ್ಮ ಪುಸ್ತಕದ ಅಣುಗ ಈಗ ನಿಂತಲ್ಲೇ ಒಡಪು ಹಾಕು. ಒಡದ್ರ ಪಾಸು, ಇಲ್ಲಂದ್ರ ಇಲ್ಲ."

ಶೀತಲ ಕಿಡಕಿ ಕಡಿ ನೋಡಿದಳು. ಧೂಳು ಬಿಸಲಿನ್ಯಾಗ ತಿರಗಾಕತ್ತಿತ್ತು. ನೋಡನೋಡತ ಗ್ವಾಡಿ ಕರಗಿತು, ಗದ್ದಲ ದೂರಾತು. ಒಂದ ಕಣ ಗಡಿ ಆಚಿ ಹೋಗಿ ಸಂಸಾರ ಹೂಡತು, ಈಚಿ ಬಂದು ಮತ್ತ ಒಬ್ಬಂಟಿ ಆತು. ಎರಡೂ ಕಡಿ ಮಂದಿ ಅದನ್ನ ಒಂದ ಹೆಸರಿಲೆ ಕರೀತಿದ್ರು. ಅಕಿ ಬಾಯಿ ತಾನ ತೆರೀತು:

"ಗಡಿ ಆಚಿ ಜೋಡಿ ಸಂಸಾರ, ಗಡಿ ಈಚಿ ಒಂಟಿ. ಹೆಸರ ಒಂದ, ಮನಿ ಎರಡ, ಯಾರ ಹೇಳ ಈ ತುಂಟಿ?"

ಹುಡಗ್ಯಾರು ಒಬ್ಬರ ಮಾರಿ ಒಬ್ಬರು ನೋಡಿದ್ರು. ಕಡೀಕ ಕಾಜಲ ಸಣ್ಣ ಧ್ವನೀಲೆ ಅಂದಳು, "ಅಣು. ನಿನ್ನ ಆಯಿ ಮ್ಯಾಲ ಆಣಿ, ಅಣು."

ಮ್ಯಾಡಮ್ ಏಳನೇ ಗೆರಿ ಹಾಕಿದ್ರು.

ಸಾಲಿ ಬಿಟ್ಟಮ್ಯಾಲ ನವಿ ಪೇಠದಾಗ ಹಾಯ್ದು ಹೊಂಟ್ರ ಶೀತಲಗ ಕಾಲು ನೆಲಕ್ಕ ಹತ್ತವಲ್ವು. ಸೀರಿ ಅಂಗಡಿ ಮುಂದ ಕೈ ಹಿಡಕೊಂಡ ಹೊಂಟ ಅವ್ವ-ಮಗಳು ರೇಣು. ನಡುವ ಒಬ್ಬಾಕೀನ ಗಲ್ಲಕ್ಕ ಕೈ ಹಚ್ಚಿ ನಿಂತ ಮುದುಕಿ ಅಣು. ಇಡೀ ಪೇಠ ಕೂಡಕೋತ, ಬಿಡಕೋತ ಹರ್ಯಾಕತ್ತಿತ್ತು. ಅದರ ನಡುವ ನಿಂತು ಅಪ್ಪಗ ಫೋನ್ ಹಚ್ಚಿದಳು. ಆ ಕಡಿಂದ ಕುರಿ ಒದರೂದು ಕೇಳಿತು.

"ಅಪ್ಪಾ, ಹತ್ತರಾಗ ಏಳ ಬಂದ್ವು. ಪಾಸಾದೆ."

ರೇವಣ್ಣ ಕುರಿ ಕಾಯಾಂವ ಕೇಳೂದನ್ನ ಕೇಳಿದ: "ಉಳದ ಮೂರ ಎಲ್ಲಿ ತಪ್ಪಿಸಿಕೊಂಡ್ವು?"

"ಇಲ್ಲೇ ಎಲ್ಲರೆ ಇರ್ತಾವ ಅಪ್ಪಾ. ಹುಡಕ್ತೀನಿ."

"ಹಂಗಾರ ಸಾವಕಾಶ ಹುಡಕು," ಅಂದ ಅಪ್ಪ. "ದಿವಾಳಿಗಿ ಬಂದು ತಿರಗಿ ಹೋಗು."