ಇಲ್ಲದವನ ಸರದಿ

ಚಳಿಗಾಲ ಇನ್ನೇನು ಮುಗಿಯುತ್ತದೆ ಎನ್ನುವ ದಿನಗಳು. ಸಂಜೆ, ಬೀದಿದೀಪ ಹತ್ತಿಕೊಂಡು ಸ್ವಲ್ಪ ಹೊತ್ತಾಗಿತ್ತು. ಸೋಮವಾರವಾದ್ದರಿಂದ ನನ್ನ ಇಸ್ತ್ರಿ ಅಂಗಡಿಯ ಬಾಗಿಲನ್ನು ಅರ್ಧ ಎಳೆದು, ಉಳಿದ ಪ್ಯಾಂಟುಗಳ ಮೇಲೆ ಒದ್ದೆ ಬಟ್ಟೆ ಹಾಸಿ ತೀಡುತ್ತಿದ್ದೆ. ಗೋಡೆ ಪಕ್ಕದ ಬೆಂಚಿನ ಮೇಲೆ ಮೂವರು ಕೂತಿದ್ದರು. ನಾಲ್ಕನೆಯವನು ಕೂರುತ್ತಿದ್ದ ಸ್ಟೂಲು ಖಾಲಿ ಇತ್ತು. ಬೋರ್ಡು ಬರೆಯುತ್ತಿದ್ದ ಪೇಂಟರ್ ತೀರಿಕೊಂಡ ಮೇಲೆ ಅದು ಮೊದಲ ಸೋಮವಾರ.

ಈ ನಾಲ್ವರಿಗೂ ಇದ್ದದ್ದು ಒಂದೇ ಹುಚ್ಚು. ಟಿವಿಯಲ್ಲಿ ಭಾನುವಾರ ಬರುತ್ತಿದ್ದ ‘ನೀಲಿ ನೌಕೆ’. ನಕ್ಷತ್ರಗಳ ನಡುವೆ ಹೋಗುವ ಒಂದು ದೊಡ್ಡ ಹಡಗು, ಅದರಲ್ಲಿ ಒಂದು ಊರಿನಷ್ಟು ಜನ, ಮನೆಗೆ ಹಿಂದಿರುಗುವ ದಾರಿ ತಪ್ಪಿದವರು. ಭಾನುವಾರ ನೋಡುವುದು, ಸೋಮವಾರ ನನ್ನ ಅಂಗಡಿಗೆ ಬಂದು ಜಗಳವಾಡುವುದು. ಇಸ್ತ್ರಿಪೆಟ್ಟಿಗೆಯ ಬಿಸಿಗೆ ಅಂಗಡಿ ಬೆಚ್ಚಗಿರುತ್ತದೆ, ನಾನು ಮಾತಿಗೆ ಅಡ್ಡ ಬರುವವಳಲ್ಲ, ಅದಕ್ಕೇ ಇಲ್ಲಿ ಸೇರುತ್ತಿದ್ದರು. ಆ ಕಥೆಯನ್ನು ನಾನು ಒಂದು ದಿನವೂ ಕಣ್ಣಿಂದ ನೋಡಿಲ್ಲ. ಗೊತ್ತಿರುವುದೆಲ್ಲ ಇವರ ಜಗಳದಿಂದ ಕಿವಿಗೆ ಬಿದ್ದದ್ದೇ.

“ಕ್ಯಾಪ್ಟನ್ನಿಗೆ ಇಷ್ಟು ವರ್ಷದಲ್ಲಿ ಒಂದು ಕೂದಲೂ ನೆರೆತಿಲ್ಲವಲ್ಲ, ಅದು ಹೇಗೆ?” ಎಂದು ಗಡಿಯಾರ ರಿಪೇರಿಯವರು ಶುರುಮಾಡುವರು. ಗುಂಪಿನಲ್ಲಿ ಅವರೇ ಹಿರಿಯರು.

“ಅಲ್ಲಿ ಕಾಲ ನಿಧಾನ ಸಾರ್,” ಎನ್ನುವಳು ಲೆಕ್ಕದ ಟೀಚರ್.

“ನಿಧಾನ ಆಗಿದ್ರೆ ನನ್ನ ಅಂಗಡಿಗೆ ತಂದುಕೊಡ್ಲಿ, ನಾಳೆ ಸಂಜೆಗೆ ಸರಿ ಮಾಡಿ ಕೊಡ್ತೀನಿ.”

ಹೀಗೆ ಎಲ್ಲದಕ್ಕೂ ಎರಡು ಪಕ್ಷ. ಆದರೆ ಒಂದು ವಿಷಯಕ್ಕೆ ನಾಲ್ವರೂ ಒಂದು: ಹಡಗಿನ ಡಾಕ್ಟರಮ್ಮನನ್ನು ಕಂಡರೆ ಯಾರಿಗೂ ಆಗುತ್ತಿರಲಿಲ್ಲ. ಕಾರಣ ಒಂದು ವಾರದ ಕಥೆ. ಹಡಗಿಗೆ ಕಲ್ಲು ಬಡಿದು ಒಂದು ಅಂತಸ್ತಿನ ಗಾಳಿಯೆಲ್ಲ ಸೋರಿಹೋಗುತ್ತದೆ. ಮೆಕ್ಯಾನಿಕ್ ಹುಡುಗ ಅಲ್ಲಿ ಗಾಳಿ ಇನ್ನೂ ಉಳಿದಿದ್ದ, ಬೆಂಕಿ ಹತ್ತಿದ ಕೋಣೆಯಲ್ಲಿ ಸಿಕ್ಕಿಕೊಂಡಿದ್ದಾನೆ. ಡಾಕ್ಟರಮ್ಮ ಹೊರಗೆ ದೂರದಲ್ಲಿದ್ದ ಗುಂಡಿ ಒತ್ತಿ ಕಬ್ಬಿಣದ ಬಾಗಿಲು ಹಾಕಿಬಿಡುತ್ತಾಳೆ. ತೆಗೆದರೆ ಹಡಗೇ ಹೋಗುತ್ತಿತ್ತಂತೆ. ಆಮೇಲೆ ಬಂದು ಕ್ಯಾಪ್ಟನ್ನಿಗೆ ಹೇಳುತ್ತಾಳೆ, ಮುಖದಲ್ಲಿ ಒಂದು ಗೆರೆಯೂ ಅಲುಗದೆ: “ನಾನು ಬಾಗಿಲ ಹತ್ತಿರ ಹೋಗಲಿಲ್ಲ. ಅವನು ಮೂರು ಸಲ ಬಡಿದ. ಆಮೇಲೆ ನಿಲ್ಲಿಸಿದ.”

ಪೇಂಟರ್ ಹಿಡಿದುಕೊಂಡದ್ದು ಅದನ್ನೇ. “ಗಾಳಿ ಇಲ್ಲದ ಕಡೆ ಸದ್ದು ಇಲ್ಲ. ಅವಳ ತಲೆ ಮೇಲೆ ಹೆಲ್ಮೆಟ್ಟು, ವೈರ್‌ಲೆಸ್ ಸತ್ತುಹೋಗಿದೆ. ದೂರ ನಿಂತವಳಿಗೆ ಆ ಬಡಿತ ಹೇಗೆ ಕೇಳಿಸ್ತು?” ಬರೆದವನು ತಪ್ಪಿದ ಎಂದು ಟೀಚರ್ ಹೇಳಿದಳು. ಆ ಹೆಂಗಸು ಕಟ್ಟಿ ಹೇಳಿದ ಸುಳ್ಳು, ಹುಡುಗ ಬಡಿಯಲೇ ಇಲ್ಲ ಎಂದ ಬಸ್ ಕಂಡಕ್ಟರ್. ಪೇಂಟರ್ ಯಾವುದಕ್ಕೂ ಒಪ್ಪಲಿಲ್ಲ.

ಇನ್ನು ಇವರ ಕಟ್ಟಳೆಯೊಂದನ್ನು ಹೇಳಬೇಕು. ಕಂಡಕ್ಟರನಿಗೆ ಪಾಳಿಯ ಕೆಲಸ, ಎಷ್ಟೋ ಸೋಮವಾರ ತಪ್ಪುತ್ತಿತ್ತು. ಆಗ ಅವನ ಮಾತನ್ನು ಗಾಳಿಗೆ ತೂರಿ ಉಳಿದವರು ಗೆದ್ದೆವು ಎನ್ನುತ್ತಿದ್ದರು. ಅದು ನ್ಯಾಯವಲ್ಲ ಎಂದು ಕಟ್ಟಳೆ ಮಾಡಿದವನು ಪೇಂಟರ್. “ಎದುರಿಗಿಲ್ಲದವನನ್ನ ಸೋಲಿಸೋಕೆ ಗಂಡಸ್ತನ ಬೇಕಾ?” ಬಾರದವನ ಸರದಿಯನ್ನು ಇನ್ನೊಬ್ಬರು ತೆಗೆದುಕೊಳ್ಳಬೇಕು, ಅವನು ಹೇಗೆ ಹೇಳುತ್ತಿದ್ದನೋ ಹಾಗೇ ಹೇಳಬೇಕು. ಅವನ ಪ್ರಶ್ನೆಗೆ ಉತ್ತರ ಸಿಕ್ಕಿ, ಅವನ ಪರವಾಗಿ ‘ಒಪ್ಪಿದೆ’ ಎನ್ನುವವರೆಗೆ ಸರದಿ ಮುಗಿಯಕೂಡದು. ಅಷ್ಟು ವರ್ಷ ಕಂಡಕ್ಟರನ ಪರವಾಗಿ ಕೂತವನೂ ಪೇಂಟರನೇ.

ಹಾಗಾಗಿ ಆ ಮೊದಲ ಸೋಮವಾರ ಗಡಿಯಾರದವರು ಖಾಲಿ ಸ್ಟೂಲನ್ನು ನೋಡಿ, “ಅವನ ಪ್ರಶ್ನೆ ಹಾಗೇ ಉಳಿದಿದೆ,” ಎಂದಾಗ ಕಂಡಕ್ಟರ್ ಎದ್ದುಹೋಗಿ ಅದರ ಮೇಲೆ ಕೂತ. ಕಟ್ಟಳೆಯಲ್ಲಿ ಸತ್ತವರ ಮಾತೇ ಇರಲಿಲ್ಲ. ಯಾರಿಗೂ ಅದು ಹೊಳೆಯಲೂ ಇಲ್ಲ.

“ಏನ್ ಮೇಡಂ, ಮಕ್ಕಳಿಗೆ ಮಗ್ಗಿ ಹೇಳ್ಕೊಟ್ಟು ಹೇಳ್ಕೊಟ್ಟು ನಿಮ್ಮ ತಲೆ ಮಗ್ಗದ ಹಾಗೆ ಹೋಗಿದ್ದಲ್ಲೇ ಹೋಗ್ತಿದೆ,” ಎಂದ. ಪೇಂಟರನದೇ ಧಾಟಿ, ಮಾತಿನ ಕೊನೆಯ ಆ ಸಣ್ಣ ಕೆಮ್ಮೂ ಸಹ. ಟೀಚರ್ ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು.

ಅಷ್ಟರಲ್ಲಿ ಪೇಂಟರನ ಅಮ್ಮ ಮಗನ ಅಂಗಿಗಳನ್ನು ತೆಗೆದುಕೊಂಡು ಹೋಗಲು ಬಂದವರು ಬಾಗಿಲಲ್ಲೇ ನಿಂತಿದ್ದರು. ಬೀದಿಯಲ್ಲಿ ಅವರ ಮೇಲೆ ಒಂದು ಮಾತಿತ್ತು. ಮಗ ಅಂಟುರೋಗದ ವಾರ್ಡಿನಲ್ಲಿದ್ದಷ್ಟು ದಿನವೂ ಹೆತ್ತವಳು ಒಂದು ಸಲ ಹೋಗಿ ಮುಖ ನೋಡಲಿಲ್ಲ ಎಂದು. ಕೇಳಿದವರಿಗೆ, “ಮನೇಲೇ ಇದ್ದೆ. ಹೋಗಲಿಲ್ಲ,” ಎಂದಷ್ಟೇ ಹೇಳುತ್ತಿದ್ದರು. ಜನರಿಗೆ ಅದೇ ಸಾಕಾಯಿತು.

ಅವರು ಅಂಗಿಯ ಗಂಟನ್ನು ಎದೆಗೆ ಒತ್ತಿಕೊಂಡು ಕೊನೆಯ ತನಕ ಕೇಳಿದರು. ಹೊರಡುವಾಗ ನನ್ನನ್ನು ಕೇಳಿದರು: “ಮುಂದಿನ ಸೋಮವಾರವೂ ಇದು ಇರುತ್ತಾ, ಅಕ್ಕ?”

ಇರುತ್ತದೆ ಎಂದೆ.

ಆಮೇಲೆ ಪ್ರತಿ ಸೋಮವಾರ ಬಂದರು. ಇಸ್ತ್ರಿ ಮೇಜಿನ ಈಚೆ, ನನ್ನ ಪಕ್ಕದಲ್ಲಿ ಕೂರುವರು. ಯಾರೂ ತೊಡದ ಅಂಗಿಗಳನ್ನು ಒಗೆದು ತರುವರು, ನಾನು ತೀಡಿ ಕೊಡುವೆ. ಚಳಿ ಹೋಗಿ ಬಿಸಿಲು ಬಂತು. ಡಾಕ್ಟರಮ್ಮ ಎರಡು ಸಲ ಹಡಗನ್ನು ಉಳಿಸಿದಳು, ಆದರೂ ಇವರ ಬಾಯಿಂದ ಬೈಗುಳ ತಪ್ಪಲಿಲ್ಲ. ಕಂಡಕ್ಟರ್ ತನ್ನ ಮಾತನ್ನು ಬೆಂಚಿನ ಮೇಲೆ ಕೂತು ಹೇಳಿ, ಪೇಂಟರನ ಮಾತಿಗೆ ಸ್ಟೂಲಿಗೆ ಹೋಗುತ್ತಿದ್ದ. ಬರಬರುತ್ತಾ ಬೆಂಚಿಗೆ ಹಿಂದಿರುಗುವುದನ್ನೇ ಬಿಟ್ಟ.

ಒಂದು ಸಂಜೆ ನೋಡುತ್ತೇನೆ, ಅವನು ಎಡಗೈಯ ತೋಳನ್ನು ಮಾತ್ರ ಮೊಣಕೈಯವರೆಗೆ ಮಡಚಿದ್ದಾನೆ. ಪೇಂಟರ್ ಎಡಗೈಯಲ್ಲಿ ಕುಂಚ ಹಿಡಿಯುವವನು, ಬಣ್ಣ ತಾಗದಿರಲೆಂದು ಅದೊಂದನ್ನೇ ಮಡಚುತ್ತಿದ್ದ. ಕಂಡಕ್ಟರನದು ಬಲಗೈ. ನಕಲು ಮಾಡುವವನು ಇದನ್ನೂ ಮಾಡುತ್ತಾನೆ ಎಂದುಕೊಂಡು ಸುಮ್ಮನಾದೆ.

ಮಳೆ ಬಂದು ನಿಂತಿದ್ದ ಇನ್ನೊಂದು ಸಂಜೆ ವಾದ ಜೋರಾಗಿ ನಡೆಯುತ್ತಿದ್ದಾಗ ಅವನು ನಡುವೆ ನಿಲ್ಲಿಸಿ ನಮ್ಮ ಕಡೆ ತಿರುಗಿದ. “ಯಜಮಾನ್ತಿ, ಬಾಗಿಲಿಂದ ಗಾಳಿ ಬರ್ತಿದೆ. ಶಾಲು ಹೊದ್ಕೋ,” ಎಂದ.

ಅಮ್ಮನ ಕೈ ನನ್ನ ಮಣಿಕಟ್ಟನ್ನು ಹಿಡಿದುಕೊಂಡಿತು. ಅವರು ಶಾಲು ಹೊದ್ದರು.

ಆಮೇಲೆ ನನ್ನ ಕಿವಿಯ ಹತ್ತಿರ ಹೇಳಿದರು: “ಮಗ ನನ್ನನ್ನ ಹಾಗೆ ಕರೀತಿದ್ದದ್ದು ಮನೆಯೊಳಗೆ ಮಾತ್ರ. ಹೊರಗೆ ಯಾರ ಮುಂದೂ ಅಂದವನಲ್ಲ.”

ಅದರ ಮುಂದಿನ ವಾರ ಅವರು ತೀಡಿದ ಅಂಗಿಯೊಂದನ್ನು ಕಂಡಕ್ಟರನಿಗೆ ಕೊಟ್ಟು, “ಹಾಕ್ಕೋ ಮಗ,” ಎಂದರು. ಅವನು ಯಾಕೆ ಎಂದು ಕೇಳದೆ ಹಾಕಿಕೊಂಡ. ಅವನ ಮೈಗೆ ಆ ಅಂಗಿ ದೊಡ್ಡದಾಗಬೇಕಿತ್ತು. ಭುಜದ ಹೊಲಿಗೆ ಭುಜದ ಮೇಲೇ ಕೂತಿತ್ತು.

ಒಂದು ಬೆಳಗ್ಗೆ ಕಂಡಕ್ಟರನ ಹೆಂಡತಿ ಅಂಗಡಿಗೆ ಬಂದಳು. ಬಟ್ಟೆ ತಂದಿರಲಿಲ್ಲ.

“ದೊಡ್ಡಮ್ಮ, ಇಲ್ಲಿ ಏನು ನಡೀತಿದೆ?” ಎಂದಳು. “ಮಗಳು ಅಪ್ಪ ಅಂದ್ರೆ ತಿರುಗಿ ನೋಡಲ್ಲ. ಬಸ್ಸಲ್ಲಿ ನಿಲ್ದಾಣದ ಹೆಸರು ಮರೆತು ನಿಂತ್ಕೊಳ್ತಾರಂತೆ, ಡ್ರೈವರಣ್ಣ ಹೇಳಿದ್ರು. ನಿನ್ನೆ ಗೋಡೆ ಮುಂದೆ ನಿಂತು ಗಾಳೀಲಿ ಅಕ್ಷರ ಬರೀತಿದ್ರು. ಎಡಗೈಲಿ. ಡಾಕ್ಟರ ಹತ್ರ ಕರ್ಕೊಂಡು ಹೋದೆ, ಎಲ್ಲ ಸರಿ ಇದೆ ಅಂದ್ರು.”

“ನಿಲ್ಲಿಸು ಅಂತ ಹೇಳಿದ್ಯಾ?”

“ಹೇಳಿದೆ. ‘ಅವನ ಸರದಿ ಮುಗಿದಿಲ್ಲ, ನಾನು ಎದ್ರೆ ಅವನು ಎಲ್ಲಿ ಕೂರ್ತಾನೆ’ ಅಂದ್ರು.”

ಸೋಮವಾರ ಸಂಜೆ ಬಾ, ಎಲ್ಲರ ಎದುರಿಗೇ ಹೇಳು ಎಂದೆ.

ಬಂದಳು. ಸ್ಟೂಲಿನ ಮೇಲೆ ಅವನು ಪೇಂಟರನ ಅಂಗಿ ತೊಟ್ಟು, ಟೀಚರನ್ನು ರೇಗಿಸುತ್ತಾ ಕೂತಿದ್ದ. ಹೆಂಡತಿ ಬಾಗಿಲ ಒಳಗೆ ಬಂದು, “ರೀ, ಮನೆಗೆ ಬನ್ನಿ,” ಎಂದಳು.

ಅವನು ತಿರುಗಿದ. ಬಹಳ ಮರ್ಯಾದೆಯಿಂದ ನೋಡಿದ, ಬೋರ್ಡು ಬರೆಸಲು ಬಂದ ಗಿರಾಕಿಯನ್ನು ನೋಡುವ ಹಾಗೆ. ಸಣ್ಣಗೆ ಕೆಮ್ಮಿದ.

“ಯಾರಮ್ಮ ನೀವು?”

ಅವಳು ಅಳಲಿಲ್ಲ. ಬಾಗಿಲ ಚೌಕಟ್ಟನ್ನು ಹಿಡಿದುಕೊಂಡು, ಅವನನ್ನಲ್ಲ, ನನ್ನ ಪಕ್ಕದಲ್ಲಿ ಕೂತಿದ್ದ ಪೇಂಟರನ ಅಮ್ಮನನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಇಸ್ತ್ರಿಪೆಟ್ಟಿಗೆ ಒದ್ದೆ ಬಟ್ಟೆಯ ಮೇಲೇ ಉಳಿದು ಸುಟ್ಟ ವಾಸನೆ ಬಂದ ಮೇಲೆ ನಾನು ಅದನ್ನು ಎತ್ತಿದೆ.

“ಆ ಬಡಿತದ ಪ್ರಶ್ನೆಗೆ ನಾನು ಉತ್ತರ ಹೇಳಬಹುದಾ?” ಎಂದರು ಅಮ್ಮ.

ಟೀಚರ್ ಮೆಲ್ಲಗೆ ಕೇಳಿದಳು: “ಆ ವಾರದ ಕಥೆ ನೀವು ನೋಡಿದೀರಾ ಅಮ್ಮ?”

“ಅವನ ಪಕ್ಕದಲ್ಲೇ ಕೂತು ನೋಡಿದೀನಿ. ಅವನು ಟಿವಿನ ಬೈತಿದ್ದ, ನಾನು ಗುಂಡಿ ಹೊಲೀತಿದ್ದೆ.” ಅವರು ಶಾಲನ್ನು ಬಿಗಿಯಾಗಿ ಎಳೆದುಕೊಂಡರು. “ಆ ಡಾಕ್ಟರು ಸುಳ್ಳು ಹೇಳಿದ್ಲು ಅಂತೀರಿ. ಹೌದು, ಸುಳ್ಳೇ. ಆದ್ರೆ ಅವನು ಬಡಿದದ್ದು ಸುಳ್ಳಲ್ಲ. ‘ಬಾಗಿಲ ಹತ್ತಿರ ಹೋಗಲಿಲ್ಲ’ ಅಂದಳಲ್ಲ, ಅದು ಸುಳ್ಳು.”

ಗಡಿಯಾರದವರು ಬೆಂಚಿನ ಮೇಲೆ ಮುಂದಕ್ಕೆ ಬಾಗಿದರು.

“ಅವಳು ಹೆಲ್ಮೆಟ್ಟನ್ನ ಬಾಗಿಲಿಗೆ ಆನಿಸಿ ನಿಂತಿದ್ಲು,” ಎಂದರು ಅಮ್ಮ.

ಗಡಿಯಾರದವರು ನೆಟ್ಟಗಾದರು. “ಸದ್ದು ಕಬ್ಬಿಣದಿಂದ ಕಬ್ಬಿಣಕ್ಕೆ ಹೋಗುತ್ತೆ. ಗಾಳಿ ಯಾಕೆ ಬೇಕು! ಗಡಿಯಾರ ನಿಂತಿದೆಯಾ ಅಂತ ನಾನು ದಿನಾ ಸ್ಕ್ರೂಡ್ರೈವರ್ ಹಲ್ಲಲ್ಲಿ ಕಚ್ಚಿಕೊಂಡು, ತುದಿ ಅದಕ್ಕೆ ತಾಗಿಸಿ ಕೇಳ್ತೀನಿ. ಇದು ಹೇಗೆ ಹೊಳೀಲಿಲ್ಲ?”

“ಅವಳು ಹತ್ತಿರ ಇದ್ದಿರಬಹುದು ಅಂತ ನಮಗೆ ಅನಿಸ್ಲೇ ಇಲ್ಲ,” ಎಂದಳು ಟೀಚರ್. “ಅಂಥವಳಲ್ಲ ಅಂತ ಮೊದಲೇ ತೀರ್ಮಾನ ಮಾಡಿದ್ವಿ. ಆದ್ರೆ ಅಮ್ಮ, ಹತ್ತಿರ ಇದ್ದವಳು ದೂರ ಇದ್ದೆ ಅಂತ ಯಾಕೆ ಹೇಳ್ಬೇಕು?”

“ಒಳಗೆ ಅವನು ಬಡೀತಿದ್ದಾನೆ, ಹೊರಗೆ ಇವಳು ತಲೆ ಇಟ್ಟು ನಿಂತಿದ್ದಾಳೆ, ಮಧ್ಯ ಒಂದು ಚಿಲಕ. ಆದ್ರೂ ತೆಗೀಲಿಲ್ಲ. ಇದನ್ನ ಯಾವ ಬಾಯಲ್ಲಿ ಹೇಳ್ತಾಳಮ್ಮ? ಹೋಗಲೇ ಇಲ್ಲ ಅನ್ನೋದು ಸುಲಭ. ಕಲ್ಲು ಮನಸ್ಸಿನವಳು ಅಂತ ಬೈತಾರೆ, ಬೈದು ಸುಮ್ಮನಾಗ್ತಾರೆ.”

ಯಾರನ್ನೂ ನೋಡದೆ ಹೇಳಿದರು:

“ಒಳಗೆ ಬರಬೇಡ, ನಿನಗೂ ಅಂಟುತ್ತೆ, ನನ್ನಾಣೆ ಅಂದಿದ್ದ. ಹೋಗಲಿಲ್ಲ. ವಾರ್ಡಿನ ಬಾಗಿಲಿಗೆ ಕಿವಿ ಇಟ್ಟು ಹೊರಗೆ ಕೂತಿದ್ದೆ. ನಾನು ಇರೋದು ಅವನಿಗೆ ಗೊತ್ತಿತ್ತೋ ಇಲ್ವೋ. ಮಂಚದ ಕಂಬೀನ ಬೆರಳಲ್ಲಿ ತಟ್ಟುತ್ತಿದ್ದ. ಆಮೇಲೆ ತಟ್ಟಲಿಲ್ಲ.”

ಸ್ಟೂಲಿನ ಮೇಲಿದ್ದವನು ಅವರನ್ನೇ ನೋಡುತ್ತಿದ್ದ. ಅಮ್ಮ ಈಗ ಅವನ ಕಡೆ ತಿರುಗಿದರು. “ಈ ಉತ್ತರ ಮೊದಲನೇ ಸೋಮವಾರವೇ ನನ್ನ ಬಾಯಲ್ಲಿತ್ತು ಕಣೋ. ಹೇಳಿದ್ರೆ ನಿನ್ನ ಸರದಿ ಮುಗೀತಿತ್ತು. ನಿನ್ನ ಮಾತು ಕೇಳೋಣ ಅಂತ ನುಂಗ್ಕೊಂಡು ಕೂತೆ. ಇನ್ನೊಬ್ಬರ ಮನೆಯವನನ್ನ ಇಟ್ಕೊಂಡು ಕೂತೆ. ಸಾಕು. ಒಪ್ಪಿದ್ಯಾ ಹೇಳು.”

ಹೊರಗೆ ಯಾವುದೋ ಗಾಡಿ ಹೋಯಿತು. ಅದರ ಬೆಳಕು ಅರ್ಧ ಎಳೆದ ಬಾಗಿಲ ಕೆಳಗಿಂದ ಬಂದು ನೆಲದ ಮೇಲೆ ಸರಿದು ಹೋಯಿತು. ಸ್ಟೂಲಿನ ಮೇಲಿದ್ದವನು ಎಡ ತೋಳಿನ ಮಡಿಕೆಯನ್ನು ಒಂದೊಂದಾಗಿ ಬಿಚ್ಚಿ, ಮಣಿಕಟ್ಟಿನವರೆಗೆ ಇಳಿಸಿ, ಗುಂಡಿ ಹಾಕಿಕೊಂಡ.

“ಬಾಗಿಲ ಹತ್ರಾನೇ ಇದ್ಯಾ, ಯಜಮಾನ್ತಿ?” ಎಂದ.

“ಅಲ್ಲೇ ಇದ್ದೆ.”

“ಒಪ್ಪಿದೆ.”

ಕೆಮ್ಮು ಬರಲಿಲ್ಲ. ನಾವು ಅದಕ್ಕಾಗಿ ಕಾದೆವು ಎನಿಸುತ್ತದೆ, ಎಲ್ಲರೂ. ಆಮೇಲೆ ಅವನ ಹೆಗಲು ಕುಸಿಯಿತು, ಅಂಗಿ ಹೆಗಲಿಂದ ಜಾರಿ ಸಡಿಲವಾಗಿ ತೂಗಿತು. ಕಂಡಕ್ಟರ್ ಬಸ್ಸಿನಲ್ಲಿ ಕೂಗಿ ಕೂಗಿ ಒಡೆದ ತನ್ನ ದಪ್ಪ ದನಿಯಲ್ಲಿ ಹೆಂಡತಿಯನ್ನು ಕೇಳಿದ: “ನೀನು ಯಾವಾಗ ಬಂದೆ? ಪಾಪು ಒಬ್ಬಳೇ ಇದ್ದಾಳಾ?”

ಅವಳು ಅವನ ತೋಳು ಹಿಡಿದು ಎಬ್ಬಿಸಿದಳು. ಹೋಗುವಾಗ ಅಮ್ಮನ ಮುಂದೆ ನಿಂತು ಏನೋ ಹೇಳಹೊರಟಳು. ಅಮ್ಮ ಬೇಡವೆಂದು ಕೈಯಾಡಿಸಿದರು.

ಸೋಮವಾರದ ಗುಂಪು ಮುಂದುವರಿಯಿತು. ಡಾಕ್ಟರಮ್ಮನನ್ನು ಬೈಯುವಾಗ ಮಾತ್ರ ದನಿ ತಗ್ಗುತ್ತಿತ್ತು. ಕಂಡಕ್ಟರನಿಗೆ ಆ ತಿಂಗಳುಗಳ ನೆನಪಿರುವುದು ತೀರಾ ಕಡಿಮೆ. ನಾವೂ ಕೆದಕಲಿಲ್ಲ. ಆಸ್ಪತ್ರೆಯವರ ಲೆಕ್ಕದಲ್ಲಿ ಪೇಂಟರ್ ಹೋದದ್ದು ಶುಕ್ರವಾರ. ನನ್ನ ಲೆಕ್ಕದಲ್ಲಿ ಆ ಸೋಮವಾರ.

ಅವನ ಅಮ್ಮ ಅದೇ ವಾರ ತಂಗಿಯ ಊರಿಗೆ ಹೊರಟರು. ಸಿಕ್ಕಿದ್ದು ಕಂಡಕ್ಟರನದೇ ಬಸ್ಸು. ಅವನು ಸೀಟಿನ ಹತ್ತಿರ ಬಂದು, ಎಲ್ಲರನ್ನೂ ಕೇಳುವ ಹಾಗೆ, “ಎಲ್ಲಿಗಮ್ಮ?” ಎಂದನಂತೆ. ಇವರು ಊರಿನ ಹೆಸರು ಹೇಳಿ, ಟಿಕೆಟ್ ತೆಗೆದುಕೊಂಡು, ಕಿಟಕಿಯ ಕಡೆ ತಿರುಗಿ ಕೂತರಂತೆ. ಅದು ಗುರುವಾರ, ಮುಂದಿನ ಸೋಮವಾರಕ್ಕೆ ಅವರು ಕಾಯಲಿಲ್ಲ.