ಹಾಲು ಕೆಟ್ಟಿರಲಿಲ್ಲ

ಹಾಸನ ಜಿಲ್ಲೆಯ ಹಗರೆಯಿಂದ ಕೂಗಳತೆ ದೂರದ ಊರೊಂದರಲ್ಲಿ ಹೆಂಗಸರೇ ನಡೆಸುವ ಹಾಲಿನ ಡೈರಿ ಇದೆ. ಅಲ್ಲಿ ಹಾಲು ಪರೀಕ್ಷೆ ಮಾಡುವವಳು ಕೋಮಲ. ಅವಳ ಮೂಗಿನ ವಿಷಯ ಊರಿಗೆಲ್ಲ ಗೊತ್ತು. ಕ್ಯಾನಿನ ಮುಚ್ಚಳ ಎತ್ತಿ ಒಂದು ಸಲ ಮೂಸಿದಳೆಂದರೆ ಹಾಲು ನಿನ್ನೆಯದೋ ಇವತ್ತಿನದೋ ಹೇಳಿಬಿಡುತ್ತಾಳೆ. ಪರೀಕ್ಷೆಯ ಮಿಷನ್ನಿಗೆ ಹಾಕುವುದು ಆಮೇಲೆ. "ಇವಳ ಮೂಗಿಗೆ ಹೆದರ್ಕೊಂಡೇ ನಮ್ಮೂರೋರು ಕ್ಯಾನು ಫಳಫಳ ತೊಳೆಯೋದು" ಎಂದು ಗಂಡ ಗುರುಮೂರ್ತಿ ಛೇಡಿಸುತ್ತಾನೆ. ಕೋಮಲಳಿಗೆ ಒಳಗೊಳಗೇ ಹೆಮ್ಮೆ.

ಗೌರಿ ಹಬ್ಬಕ್ಕೆ ಇನ್ನು ನಾಲ್ಕು ದಿನ ಇತ್ತು. ಬೆಳಗಿನ ಸಾಲಿನಲ್ಲಿ ನಯನಾ ನಿಂತಿದ್ದಳು. ಒಂಬತ್ತು ವರ್ಷ, ನಾಲ್ಕನೇ ಕ್ಲಾಸು. ಅಪ್ಪ ಲೋಕೇಶ್ ಬೇಲೂರು ಹಳೇಬೀಡು ನಡುವೆ ಟೆಂಪೋ ಓಡಿಸುತ್ತಾನೆ. ಐದು ಗಂಟೆಗೆಲ್ಲ ಮನೆ ಬಿಡುತ್ತಾನೆ. ಅಮ್ಮ ಎರಡನೇ ಹೆರಿಗೆಗೆಂದು ಹಾರನಹಳ್ಳಿಯ ತವರಿಗೆ ಹೋಗಿ ಮೂರು ತಿಂಗಳಾಗಿತ್ತು. ಮನೆಯಲ್ಲಿ ಉಳಿದವಳು ಅಜ್ಜಿ ಗಿಡ್ಡಮ್ಮ, ಎರಡೂ ಮಂಡಿ ನೋವಿನವಳು. ಹೀಗಾಗಿ ಹಾಲಿನ ಕ್ಯಾನು ನಯನಾಳ ಸೊಂಟಕ್ಕೆ ಬಂದಿತ್ತು. "ಎಂಥಾ ಜವಾಬ್ದಾರಿ ಹುಡುಗಿ ನೋಡ್ರೇ" ಎಂದು ಸಾಲಿನಲ್ಲಿದ್ದವರೆಲ್ಲ ಹೊಗಳುತ್ತಿದ್ದರು. ಎಲ್ಲರಿಗಿಂತ ಜೋರಾಗಿ ಹೊಗಳುತ್ತಿದ್ದವಳು ಕೋಮಲಳೇ.

ಕೋಮಲ ಮುಚ್ಚಳ ಎತ್ತಿ ಮೂಸಿದಳು. ಏನೋ ಕೊಳೆತ ವಾಸನೆ. ಇನ್ನೊಂದು ಸಲ ಮೂಸಿದಳು. ಹಾಲು ಚೆನ್ನಾಗಿಯೇ ಇತ್ತು. ವಾಸನೆ ಬರುತ್ತಿದ್ದುದು ಕ್ಯಾನು ಹಿಡಿದ ಕೈಯಿಂದ. ನಯನಾಳ ಬಲಗೈಯ ತೋರುಬೆರಳಿಗೆ ಹಳೇ ಸೀರೆಯ ತುಂಡು ಸುತ್ತಿತ್ತು. ಮೇಲೆ ಮೆತ್ತಿದ್ದ ಕಾಫಿಪುಡಿಯ ಘಮದ ಕೆಳಗೆ ಕೀವಿನ ವಾಸನೆ.

"ಏನಾಯ್ತೇ ಮಗಾ?"

"ಬಾಗಿಲಿಗೆ ಸಿಕ್ತು ಅತ್ತೆ" ಎಂದಳು ನಯನಾ, ನೆಲ ನೋಡುತ್ತ.

ಕೋಮಲ ಆ ಕೈ ಹಿಡಿದು ನೋಡಿದಳು. ಆಷಾಢದಲ್ಲಿ ಇದೇ ಕೈಯ ಉಗುರು ಹೋಗಿತ್ತು. ಕಲ್ಲು ಬಿತ್ತು ಅಂದಿದ್ದಳು. ನಾಗರಪಂಚಮಿಗೆ ಇದೇ ಅಂಗೈ ಕೊಯ್ದಿತ್ತು. ಜಾರಿ ಬಿದ್ದೆ ಅಂದಿದ್ದಳು. ಎರಡು ಸಲವೂ ಕೋಮಲ "ಹುಷಾರಾಗಿರ್ಬಾರ್ದೇನೇ" ಅಂದು ಹಾಲು ಅಳೆದು ಕಳಿಸಿದ್ದಳು. ಇಷ್ಟು ದಿನ ಕ್ಯಾನು ಮೂಸಿದ್ದೇ ಬಂತು, ಅದನ್ನು ಹಿಡಿದ ಕೈ ನೋಡಲಿಲ್ಲವಲ್ಲ ಎಂದು ತನ್ನ ಮೇಲೆಯೇ ಸಿಟ್ಟು ಬಂತು.

ಸಾಲಿನಲ್ಲೇ ಇದ್ದ ಆಶಾ ಕಾರ್ಯಕರ್ತೆ ಭವ್ಯಾಳನ್ನು ಕರೆದಳು. ಭವ್ಯಾ ಬಟ್ಟೆ ಬಿಚ್ಚಿ ನೋಡಿದವಳೇ, "ಮೊದ್ಲು ಆಸ್ಪತ್ರೆ. ಮಾತು ಆಮ್ಯಾಕೆ" ಎಂದಳು. ಗುರುಮೂರ್ತಿಯನ್ನು ಡೈರಿಯಲ್ಲಿ ಕೂರಿಸಿ, ಗೊಣಗುತ್ತಿದ್ದ ಗಿಡ್ಡಮ್ಮನನ್ನೂ ಆಟೋ ಹತ್ತಿಸಿ, ಎಲ್ಲರೂ ಸರ್ಕಾರಿ ಆಸ್ಪತ್ರೆಗೆ ಹೋದರು.

ಡಾಕ್ಟರಮ್ಮ ಗಾಯ ತೊಳೆಯುತ್ತಲೇ ಕೇಳಿದರು, "ಹೇಗಾಯ್ತು ಅಜ್ಜಿ?"

"ಬಾಗಿಲು ಬಡೀತು ಕಣವ್ವ" ಎಂದಳು ಗಿಡ್ಡಮ್ಮ.

ಆಮೇಲೆ ಡಾಕ್ಟರಮ್ಮ ನಯನಾಳನ್ನು ನರ್ಸಮ್ಮನ ಜೊತೆ ಒಳಗೆ ಕೂರಿಸಿಕೊಂಡು ನಿಧಾನವಾಗಿ ಮಾತಾಡಿಸಿದರು. ಹೊರಗೆ ಬಂದಾಗ ಅವರ ಮುಖ ಗಂಭೀರವಾಗಿತ್ತು. "ಬಾಗಿಲಲ್ಲ. ಮೇವು ಕತ್ತರಿಸೋ ಮಿಷನ್. ಮೂರು ಸಲವೂ ಅದೇ. ಇನ್ನೆರಡು ದಿನ ತಡ ಮಾಡಿದ್ರೆ ಬೆರಳು ತೆಗೀಬೇಕಾಗ್ತಿತ್ತು."

ಗಿಡ್ಡಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. "ಸೊಸೆಗೆ ಗೊತ್ತಾದ್ರೆ ಹಸೀ ಬಾಣಂತಿ ಓಡಿ ಬತ್ತಾಳೆ ಅಂತ ನಾನೇ ಸುಳ್ಳು ಹೇಳ್ಕೊಟ್ಟೆ ಕಣವ್ವ."

ಭವ್ಯಾ ಕೋಮಲಳನ್ನು ಪಕ್ಕಕ್ಕೆ ಕರೆದಳು. "ಅಕ್ಕ, ಒಂದು ಸೊನ್ನೆ ಒಂಬತ್ತು ಎಂಟಕ್ಕೆ ಫೋನ್ ಮಾಡು. ಮಕ್ಕಳ ಸಹಾಯವಾಣಿ. ಡಾಕ್ಟ್ರೂ ವರದಿ ಬರೀತಾರೆ. ಆದ್ರೆ ಆಟೋದಲ್ಲಿ ನೀನೇ ಹೇಳ್ದಂಗೆ ಮೂರ್ ಸಲಾನೂ ಕಣ್ಣಾರೆ ಕಂಡೋಳು ನೀನು."

ಕೋಮಲ ಹಿಂಜರಿದಳು. "ಔಷಧಿ ಆಯ್ತಲ್ಲ, ಬಿಡು ಭವ್ಯಾ. ಮಕ್ಕಳು ಅಂದ್ಮೇಲೆ ಗಾಯ ಆಗಲ್ವ? ನಾಳೆ ಪೊಲೀಸ್ರು ಬಂದು ಲೋಕೇಶಣ್ಣನ್ನ ಎಳ್ಕೊಂಡೋದ್ರೆ? ಮಗೂನ ಕಿತ್ಕೊಂಡೋಗಿ ಯಾವ್ದೋ ಹಾಸ್ಟೆಲ್ಲಿಗೆ ಹಾಕಿದ್ರೆ? ಆ ಪಾಪ ನನಗ್ಯಾಕೆ?"

"ಗಾಯ ಆಗ್ತೈತೆ ಕಣಕ್ಕ. ನನ್ ಮಗಳು ಹೋದ್ ವರ್ಷ ಸೀಬೆ ಮರದಿಂದ ಬಿದ್ದು ಕೈ ಮುರ್ಕೊಳ್ಲಿಲ್ವ? ಆಗಿಂದಾಗ್ಲೇ ಎತ್ಕೊಂಡು ಓಡ್ದೆ. ನನ್ನೂ ಕೇಳಿದ್ರು, ಅವಳ್ನೂ ಬೇರೆ ಕೂರ್ಸಿ ಕೇಳಿದ್ರು. ಇಬ್ಬರ ಬಾಯಲ್ಲೂ ಸೀಬೆ ಮರಾನೇ ಬಂತು. ಪಟ್ಟಿ ಹಾಕಿ ಕಳಿಸಿದ್ರು, ಅಲ್ಲಿಗೆ ಮುಗೀತು. ಅಂಥದ್ದಕ್ಕೆ ಯಾರೂ ಫೋನ್ ಮಾಡಲ್ಲ. ಇದು ಹಂಗೈತಾ? ಒಂದೇ ಕೈಗೆ ಮೂರ್ ಸಲ, ಮೂರಕ್ಕೂ ಬೇರೆ ಬೇರೆ ಕತೆ, ಕೀವಾದ್ರೂ ಆಸ್ಪತ್ರೆ ಮುಖ ಕಂಡಿಲ್ಲ. ಅದೂ ಮಕ್ಕಳು ಮುಟ್ಟಲೇಬಾರದ ಮಿಷನ್."

ಕೋಮಲ ಫೋನ್ ತೆಗೆಯಲಿಲ್ಲ. ಭವ್ಯಾ ಬಿಡಲಿಲ್ಲ. "ಹೋಗ್ಲಿ, ಇದು ಹೇಳು. ಯಾವುದೋ ಕ್ಯಾನಿನ ಹಾಲಿನ ಮೇಲೆ ಅನುಮಾನ ಬಂತು. ಏನ್ ಮಾಡ್ತೀಯ?"

"ಸ್ಯಾಂಪಲ್ ತೆಗ್ದು ಮೇಲಕ್ಕೆ ಕಳಿಸ್ತೀನಿ."

"ಹಾಲು ತಂದೋಳ್ನ ಕಳ್ಳಿ ಅಂತೀಯಾ?"

"ಛೇ, ನಾನ್ಯಾಕೆ ಅನ್ಲಿ? ಎಷ್ಟೋ ಸಲ ಹಸುಗೇ ಕೆಚ್ಚಲುಬಾವು ಇರ್ತೈತೆ. ಸಾಕ್ದೋರ್ಗೇ ಗೊತ್ತಿರಲ್ಲ. ಔಷಧಿ ಕೊಡ್ಸಿದ್ರೆ ಸರಿಹೋಗ್ತೈತೆ."

"ಇದೂ ಅಷ್ಟೇ ಕಣಕ್ಕ. ತಪ್ಪು ಯಾರ್ದು ಅಂತ ತೀರ್ಮಾನ ಮಾಡೋಳು ನೀನಲ್ಲ. ಅನುಮಾನ ಐತೆ, ಬಂದು ನೋಡಿ ಅಂದ್ರೆ ಸಾಕು. ನೋಡೋದು ಅವರ ಕೆಲ್ಸ. ನಿನ್ ಹೆಸ್ರು ಗುಟ್ಟಾಗಿಡ್ತಾರೆ. ಫೋನಿಗೆ ಕಾಸೂ ಇಲ್ಲ."

ಅಷ್ಟರಲ್ಲಿ ಬಿಳೀ ಪಟ್ಟಿ ಕಟ್ಟಿಸಿಕೊಂಡ ನಯನಾ ಬಂದು ಕೋಮಲಳ ಸೆರಗು ಜಗ್ಗಿದಳು. "ಅತ್ತೆ, ಬೇಗ ಹೋಗಣ. ಸಾಯಂಕಾಲಕ್ಕೆ ಮೇವು ಕತ್ತರಿಸ್ಬೇಕು. ಎಡಗೈಲಿ ಹಾಕಕ್ಕೆ ಬತ್ತದೆ ನನಗೆ."

ಕೋಮಲಳ ಕಣ್ಣು ತುಂಬಿ ಬಂತು. ಔಷಧಿ ಆಯಿತು ಅಂದುಕೊಂಡಿದ್ದಳಲ್ಲ! ಏನೂ ಆಗಿರಲಿಲ್ಲ. ಇವತ್ತು ಸಂಜೆಯೇ ಇನ್ನೊಂದು ಕೈ ಅದೇ ಮಿಷನ್ನಿಗೆ ಹೋಗಲಿತ್ತು. ಅವಳು ಫೋನ್ ತೆಗೆದು ನಾಲ್ಕು ಅಂಕಿ ಒತ್ತಿದಳು. ಆ ಕಡೆಯವರು ಬೈಯಲಿಲ್ಲ, ಹೆದರಿಸಲಿಲ್ಲ. ಊರು ಯಾವುದು, ಮಗು ಈಗ ಎಲ್ಲಿದೆ ಎಂದು ಕೇಳಿಕೊಂಡರು.

ಅವತ್ತೇ ಮಧ್ಯಾಹ್ನ ಹಾಸನದಿಂದ ಮಕ್ಕಳ ರಕ್ಷಣಾ ಘಟಕದವರು ಇಬ್ಬರು ಬಂದರು. ಕೋಲೂ ಇಲ್ಲ, ಕೋಳವೂ ಇಲ್ಲ. ಜಗಲಿಯ ಮೇಲೆ ಕೂತು ನೀರು ಕುಡಿದರು. ಸುದ್ದಿ ಕೇಳಿ ಟೆಂಪೋ ತಿರುಗಿಸಿಕೊಂಡು ಬಂದ ಲೋಕೇಶ್ ಮಾತ್ರ ಕೆಂಡವಾಗಿದ್ದ.

"ಯಾವನ್ಲಾ ಅವ್ನು ನಮ್ಮನೆ ಮ್ಯಾಲೆ ಕಂಪ್ಲೇಂಟ್ ಕೊಟ್ಟೋನು? ನನ್ ಮಗಳಿಗೆ ನಾನು ಕೈ ಎತ್ತಿದ್ದು ಯಾರಾದ್ರೂ ನೋಡಿದ್ದೀರಾ?"

"ಹೆಸರು ಹೇಳೋ ಹಾಗಿಲ್ಲ" ಎಂದರು ಬಂದಿದ್ದ ಮೇಡಂ.

ಬೇಲಿಯ ಆಚೆ ನಿಂತಿದ್ದ ಕೋಮಲ ಸುಮ್ಮನೆ ಮನೆಗೆ ಹೋಗಬಹುದಿತ್ತು. ಹೋಗಲಿಲ್ಲ. ಸೆರಗು ಸಿಕ್ಕಿಸಿಕೊಂಡು ಒಳಗೆ ಬಂದಳು. "ನಾನೇ ಕಣಣ್ಣ. ನೀನು ಹೊಡೆದೆ ಅಂತ ಹೇಳ್ಲಿಲ್ಲ. ಮಗೀನ ಕೈ ಉಳಿಸಿ ಅಂತ ಹೇಳ್ದೆ. ಬೈಯೋದಿದ್ರೆ ಬೈಯಿ."

ಲೋಕೇಶ್ ಬಾಯಿ ತೆರೆಯುವುದರೊಳಗೆ ಮೇಡಂ ಎದ್ದು ಕೊಟ್ಟಿಗೆಗೆ ನಡೆದರು. ಮಿಷನ್ನಿನ ಪ್ಲಗ್ಗು ಕಿತ್ತು, "ನೀವು ಇಲ್ಲಿ ಕೂತ್ಕೊಳ್ಳಿ, ಮಗಳ ಎತ್ತರಕ್ಕೆ. ಈಗ ಒಂದು ಜೋಳದ ದಂಟು ಒಳಗೆ ತಳ್ಳಿ" ಎಂದರು.

ಲೋಕೇಶ್ ಕುಕ್ಕರುಗಾಲಿನಲ್ಲಿ ಕೂತ. ನಿಂತು ತಳ್ಳುವಾಗ ಅವನ ಕೈಗೂ ಬ್ಲೇಡಿಗೂ ಮೊಳದಷ್ಟು ಅಂತರ ಇರುತ್ತಿತ್ತು. ಕೂತಾಗ ಬ್ಲೇಡೇ ಕಾಣಲಿಲ್ಲ. ಕೈ ತಡಕಾಡುತ್ತ ಹೋಯಿತು. ಬೆರಳಿಗೆ ತಣ್ಣಗೆ ಏನೋ ತಾಗಿತು. ಅದು ಬ್ಲೇಡು.

ಅವನು ಕೈ ಹಿಂದೆ ಎಳೆದುಕೊಂಡ. "ಇಲ್ಲಿ ಅಡ್ಡ ಒಂದು ತಗಡಿತ್ತು ಮೇಡಂ. ಹಸಿ ಮೇವು ಸಿಕ್ಕಾಕ್ಕೊಂತೈತೆ ಅಂತ ನಾನೇ ಬಿಚ್ಚಿ ಬಿಸಾಕಿದ್ದೆ" ಎಂದ. ಆಮೇಲೆ ಮಗಳನ್ನು ಎಳೆದು ಅಪ್ಪಿಕೊಂಡು ಅತ್ತ. ಊರಿನವರೆದುರು ಅಳುತ್ತಿದ್ದೇನೆ ಎಂಬ ನಾಚಿಕೆಯೂ ಅವನಿಗಿರಲಿಲ್ಲ.

ಹಾಸನದ ಮಕ್ಕಳ ಕಲ್ಯಾಣ ಸಮಿತಿಯವರು ಅಪ್ಪನನ್ನೂ ಅಜ್ಜಿಯನ್ನೂ ಕರೆಸಿ ಮಾತಾಡಿದರು. ನಯನಾ ಮನೆಯಲ್ಲೇ ಉಳಿದಳು. ಮಗಳನ್ನು ಮಿಷನ್ನಿನ ಹತ್ತಿರ ಬಿಡುವುದಿಲ್ಲವೆಂದು ಲೋಕೇಶ್ ಬರೆದುಕೊಟ್ಟ. ಮಿಷನ್ನಿಗೆ ತಗಡು ಬಂತು, ಸ್ವಿಚ್ಚು ಗೋಡೆಯ ಮೇಲೆ ಗಿಡ್ಡಮ್ಮನಿಗೂ ಎಟುಕದಷ್ಟು ಎತ್ತರಕ್ಕೆ ಹೋಯಿತು. ಬಾಣಂತಿ ಮರಳುವವರೆಗೆ ಸಂಜೆಯ ಮೇವನ್ನು ಗುರುಮೂರ್ತಿ ಕತ್ತರಿಸಿಕೊಟ್ಟ. ಭವ್ಯಾ ವಾರಕ್ಕೊಂದು ಸಲ ಬಂದು ಬೆರಳು ನೋಡಿ ಹೋಗುತ್ತಿದ್ದಳು.

ಈಗ ಲೋಕೇಶನ ಕಾಟ ಊರಿಗೆಲ್ಲ. ಯಾರ ಕೊಟ್ಟಿಗೆ ಕಂಡರೂ ನುಗ್ಗಿ, "ಏನ್ಲಾ, ನಿನ್ ಮಿಷನ್ ತಗಡೆಲ್ಲಿ?" ಎಂದು ಗದರುತ್ತಾನೆ. ಬೇರೆಯವರ ಮನೆಯ ಮಿಷನ್ನಿಗೂ ತಾನೇ ತಗಡು ಬಡಿದುಕೊಟ್ಟಿದ್ದಾನೆ.

ನವೆಂಬರಿನಲ್ಲಿ ಬೇಲೂರಿನಲ್ಲಿ ತಾಲ್ಲೂಕು ಮಟ್ಟದ ಪ್ರತಿಭಾ ಕಾರಂಜಿ. ಜೇಡಿಮಣ್ಣಿನಲ್ಲಿ ಗೊಂಬೆ ಮಾಡುವ ಸ್ಪರ್ಧೆಗೆ ನಯನಾ ಕೂತಳು. ಕರು ನೆಕ್ಕುತ್ತಿರುವ ಹಸು ಮಾಡಿದಳು. ಮೊದಲ ಬಹುಮಾನ ಬಂತು. ಲೋಕೇಶ್ ಟೆಂಪೋ ತುಂಬ ಊರಿನವರನ್ನು ಕರೆದೊಯ್ದಿದ್ದ. ಹೆಸರು ಕೂಗಿದಾಗ ಎಲ್ಲರಿಗಿಂತ ಜೋರಾಗಿ ಶಿಳ್ಳೆ ಹೊಡೆದವನೂ ಅವನೇ. ಕೈಕೂಸು ಎತ್ತಿಕೊಂಡು ಬಂದಿದ್ದ ನಯನಾಳ ಅಮ್ಮ ಕೋಮಲಳ ಕೈ ಹಿಡಿದು ಬಿಡಲೇ ಇಲ್ಲ.

ಆ ಹಸು ಈಗ ಡೈರಿಯ ಕಿಟಕಿಯಲ್ಲಿದೆ, ಕೋಮಲ ಹಾಲು ಮೂಸುವ ಜಾಗದ ಎದುರಿಗೆ. ಹತ್ತಿರ ಹೋಗಿ ನೋಡಿದರೆ ಅದರ ಬೆನ್ನಿನ ಮೇಲೆ ಒಣಗಿದ ಮಣ್ಣಿನಲ್ಲಿ ಪುಟ್ಟ ಬೆರಳುಗಳ ಗುರುತು. ಕೋಮಲ ಎಣಿಸಿ ನೋಡಿದ್ದಾಳೆ. ಹತ್ತೂ ಇವೆ.

ಇದನ್ನು ಕೇಳುತ್ತಿರುವ ಅಕ್ಕ, ಅಣ್ಣ, ಮಕ್ಕಳು ಬೀಳುತ್ತಾರೆ, ಏಳುತ್ತಾರೆ. ಬಿದ್ದ ಮಕ್ಕಳಿಗೆಲ್ಲ ದೂರು ಬೇಡ. ಆದರೆ ಒಂದೇ ಮಗುವಿಗೆ ಮತ್ತೆ ಮತ್ತೆ ಗಾಯವಾದರೆ, ಹೇಳುವ ಕತೆಗೂ ಗಾಯಕ್ಕೂ ತಾಳೆಯಾಗದಿದ್ದರೆ, ಆಸ್ಪತ್ರೆಗೆ ಒಯ್ಯದೆ ಮುಚ್ಚಿಟ್ಟಿದ್ದರೆ, ಮಗು ದೊಡ್ಡವರ ಮಿಷನ್ನಿನ ಮುಂದೆ ಕೂತಿದ್ದರೆ, ಕೇಳಿದ ಕೂಡಲೇ ಹೆದರಿ ಮುಖ ಮರೆಸಿಕೊಂಡರೆ, 1098ಕ್ಕೆ ಫೋನ್ ಮಾಡಿ. ಹಗಲೋ ರಾತ್ರಿಯೋ, ಯಾವಾಗ ಬೇಕಾದರೂ. ಲೋಕೇಶನ ಮನೆಯಲ್ಲಿ ಇದ್ದದ್ದು ಬರೀ ಅಜಾಗರೂಕತೆ. ಕೆಲವು ಮನೆಗಳಲ್ಲಿ ನಿಜಕ್ಕೂ ಹೊಡೆತವೇ ಇರುತ್ತದೆ. ಅಲ್ಲಿನ ಮಗುವಿಗೆ ನಿಮ್ಮ ಫೋನ್ ಬಿಟ್ಟರೆ ಬೇರೆ ದಿಕ್ಕಿರುವುದಿಲ್ಲ. ಯಾವುದು ಏನೆಂದು ನೋಡುವವರು ಇದ್ದಾರೆ. ಹೇಳಬೇಕಾದವರು ನೀವು.

ನಾಳೆ ಬೆಳಿಗ್ಗೆ ನಿಮ್ಮ ಮುಂದೆ ಒಂದು ಮಗು ಬಂದು ನಿಲ್ಲುತ್ತದೆ, ಹಾಲಿಗೋ, ಅಂಗಡಿಗೋ, ಶಾಲೆಗೋ. ಅದರ ಕೈಯನ್ನೊಮ್ಮೆ ನೋಡಿ.