ಗಡಿಯಾರದಮ್ಮನ ಪುಟಗಳು

ಅಣ್ಣನ ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಎರಡು ಮಡಚುವ ಕುರ್ಚಿಗಳನ್ನು ತಮ್ಮ ಮೆಟ್ಟಿಲಿಳಿಸುತ್ತಿದ್ದ. ಆ ಕಡೆ ಬೇಕರಿಯವರು. ಬೆಳಿಗ್ಗೆಯಿಂದ ವೆಬ್‌ಸೈಟಿನಲ್ಲಿ ಬರೀ ಬಿಳಿ ಪರದೆ ಬರುತ್ತಿದೆ, ಸ್ವಲ್ಪ ನೋಡಿ ಸಾರ್ ಎನ್ನುತ್ತಿದ್ದರು. ಅಣ್ಣ ನಿನ್ನೆ ಮಧ್ಯಾಹ್ನ ತೀರಿಕೊಂಡ, ಹನ್ನೊಂದು ಗಂಟೆಗೆ ಎತ್ತುತ್ತೇವೆ ಎಂದು ತಮ್ಮ ಹೇಳಿದ. ಬೇಕರಿಯವರು ಅಣ್ಣನ ಸಾವಿಗೆ ಆ ಬಿಳಿ ಪರದೆಯೇ ಕಾರಣ ಎಂಬಂತೆ ಎರಡೆರಡು ಸಲ ಕ್ಷಮೆ ಕೇಳಿ, ಅಂಗಡಿ ಮುಚ್ಚಿ ಬರುತ್ತೇನೆ ಎಂದರು.

ಬೆಳಗಿನಿಂದ ಇದು ಏಳನೇ ಕರೆ. ಅರವತ್ತಕ್ಕೂ ಹೆಚ್ಚು ವೆಬ್‌ಸೈಟುಗಳನ್ನು ಅಣ್ಣ ಒಬ್ಬನೇ ಕಟ್ಟಿ, ಒಂದೇ ಸರ್ವರಿನಲ್ಲಿಟ್ಟು ಸಾಕುತ್ತಿದ್ದ. ದೊಡ್ಡ ಗಿರಾಕಿಗಳು ಯಾರೂ ಅಲ್ಲ. ಬೇಕರಿ, ಡ್ರೈವಿಂಗ್ ಶಾಲೆ, ನಾಯಿಗಳ ಡಾಕ್ಟರು, ಹೊಲಿಗೆ ಕಲಿಸುವ ಅಕ್ಕತಂಗಿಯರು. ಮೇಜಿನ ಎದುರು ಗೋಡೆಗೆ ಅವರೆಲ್ಲರ ಪಟ್ಟಿ ಅಂಟಿಸಿದ್ದ. ಹೆಸರಿನ ಪಕ್ಕ ಒಬ್ಬೊಬ್ಬರದೂ ಗುಣ: ಕಿವಿ ಮಂದ, ಜೋರಾಗಿ ಮಾತಾಡಬೇಕು; ಬೇಗ ಅಳುತ್ತಾರೆ; ಪಾಸ್‌ವರ್ಡ್ ಮರೆತದ್ದು ಇದು ಹದಿನಾಲ್ಕನೇ ಸಲ. ಏನೋ ಒತ್ತಿ ಕೆಡಿಸಿಕೊಂಡು ಗಾಬರಿಯಲ್ಲಿ ಫೋನು ಮಾಡಿದವರಿಗೆ ಅವನ ಮೊದಲ ಮಾತು ಒಂದೇ: "ಏನೂ ಮುಟ್ಬೇಡಿ, ನಾನಿದೀನಿ." ಹಾಗಾಗಿ ಅವನಿಗೆ ಮುಟ್ಬೇಡಿ ಸಾರ್ ಎಂದೇ ಹೆಸರು ಬಿದ್ದಿತ್ತು. ಬ್ಯಾಕಪ್ ಎಂದು ಇನ್ನೊಂದು ಪ್ರತಿ ತೆಗೆದಿಡದೆ ಒಂದು ಅಕ್ಷರವನ್ನೂ ತಿದ್ದುವವನಲ್ಲ. ಇವರು ಗಡ್ಡ ಬೋಳಿಸೋಕೂ ಮೊದಲು ಬ್ಯಾಕಪ್ ತಗೋತಾರೆ ಎಂದು ಅತ್ತಿಗೆ ಬಂದವರೆದುರು ನಗಾಡುತ್ತಿದ್ದಳು.

ಈಗ ಅವಳು ತಲೆಯ ಹತ್ತಿರ ಕುಳಿತು, ಬಂದವರು ಹೇಳಿದ್ದಕ್ಕೆಲ್ಲ ಸುಮ್ಮನೆ ತಲೆಯಾಡಿಸುತ್ತಿದ್ದಳು. ಬಂದವರಲ್ಲಿ ಅರ್ಧಕ್ಕರ್ಧ ಜನ ಅಣ್ಣನ ಮುಖವನ್ನು ನೋಡುತ್ತಿರುವುದೇ ಇವತ್ತು ಮೊದಲು. ಅವರಿಗೆ ಗೊತ್ತಿದ್ದದ್ದು ದನಿ ಮಾತ್ರ. ಡ್ರೈವಿಂಗ್ ಶಾಲೆಯ ಹೆಂಗಸು ಬಗ್ಗಿ ನೋಡಿ, "ಇಷ್ಟು ಸಣ್ಣ ಆಳಾ ಇವರು? ದನಿ ಕೇಳಿ ನಾನು ಆರಡಿ ಅಂದ್ಕೊಂಡಿದ್ದೆ" ಎಂದಳು. ಯಾರೋ ನಕ್ಕರು. ನಕ್ಕವರೇ ಕಣ್ಣೊರೆಸಿಕೊಂಡರು.

ಅಂಗಳದಲ್ಲಿ ಕುರ್ಚಿ ಬಿಡಿಸಿ ತಲೆಯೆತ್ತಿದ ತಮ್ಮನಿಗೆ ಗೇಟಿನ ಹತ್ತಿರ ಗಡಿಯಾರದಮ್ಮ ಕಂಡಳು. ಒಳಗೆ ಓಡಿ ಎಲ್ಲಾದರೂ ಬಚ್ಚಿಟ್ಟುಕೊಳ್ಳಬೇಕು ಅನ್ನಿಸಿತು, ನಲವತ್ತು ದಾಟಿದ ಗಂಡಸಿಗೆ.

*

ಗಡಿಯಾರದಮ್ಮನ ಗಂಡ ಗಡಿಯಾರ ರಿಪೇರಿಯವನು. ಕಣ್ಣು ಮಂಜಾಗಿ ಅಂಗಡಿ ಮುಚ್ಚಿದ ಮೇಲೆ, ತಾನು ಬಿಚ್ಚಿ ಜೋಡಿಸಿದ ಒಂದೊಂದು ಗಡಿಯಾರದ ಕತೆಯನ್ನೂ ಹೆಂಡತಿಗೆ ಹೇಳುತ್ತ ಹೋದ. ಅವಳು ಕೇಳಿಕೊಂಡು ನೇರವಾಗಿ ವೆಬ್‌ಸೈಟಿಗೇ ಟೈಪು ಮಾಡಿದಳು. ಕಾಗದದಲ್ಲಿ ಒಂದು ಸಾಲೂ ಇರಲಿಲ್ಲ. ಒಂದೂವರೆ ವರ್ಷದಲ್ಲಿ ಮುನ್ನೂರ ಹನ್ನೆರಡು ಪುಟಗಳಾದವು, ಅವನು ಸತ್ತ. ಆಮೇಲೆ ಅವಳು ದಿನಕ್ಕೊಂದು ಪುಟ ತೆರೆದು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದಳು. ಆ ಮನೆಯಲ್ಲಿ ಅವನ ಮಾತು ಎಂದರೆ ಅಷ್ಟೇ ಉಳಿದಿತ್ತು.

ಆಗ ತಮ್ಮನೂ ಅಣ್ಣನ ಜೊತೆಗೇ ಕೆಲಸ ಮಾಡುತ್ತಿದ್ದ. ಪ್ರತಿ ಸೈಟಿಗೂ ಪ್ರಯೋಗಕ್ಕೆಂದು ಒಂದು ನಕಲು ಸೈಟು ಇರುತ್ತಿತ್ತು. ಏನಾದರೂ ಬದಲಿಸುವುದಿದ್ದರೆ ಅಸಲಿನಲ್ಲಿ ಇದ್ದದ್ದನ್ನೆಲ್ಲ ಮೊದಲು ನಕಲಿಗೆ ಸುರಿದುಕೊಂಡು, ಅಲ್ಲಿ ಮಾಡಿ ನೋಡಬೇಕು. ಎರಡೂ ನೋಡಲು ಅವಳಿ ಮಕ್ಕಳ ಹಾಗೆ. ಒಂದು ಮಧ್ಯಾಹ್ನ ಅಣ್ಣ ಹೊರಗೆ ಹೋಗಿದ್ದಾಗ ಗೆಳೆಯನೊಂದಿಗೆ ಫೋನಿನಲ್ಲಿ ಹರಟುತ್ತ ಗಡಿಯಾರದಮ್ಮನ ಸೈಟನ್ನು ತಮ್ಮ ತಿರುಗುಮುರುಗಾಗಿ ಸುರಿದ. ಎರಡು ವರ್ಷ ಹಳೆಯ ನಕಲು ಹೋಗಿ ಅಸಲಿನ ಮೇಲೆ ಕುಳಿತಿತು. ನಕಲಿನಲ್ಲಿದ್ದದ್ದು ನಾಲ್ಕೇ ಪುಟ. ಖಚಿತವೇ ಎಂದು ಪರದೆ ಕೇಳಿತ್ತು, ಇವನು ಹೌದು ಎಂದು ಒತ್ತಿದ್ದ.

ಬ್ಯಾಕಪ್ ಇದ್ದಿದ್ದರೆ ಇದೇನೂ ದೊಡ್ಡ ಮಾತಾಗುತ್ತಿರಲಿಲ್ಲ. ಆ ಸೈಟಿಗೆ ಅಣ್ಣ ಎರಡು ವರ್ಷದಿಂದ ಕೈ ಹಾಕಿರಲಿಲ್ಲ, ಹಾಗಾಗಿ ಅವನು ತೆಗೆದಿಟ್ಟದ್ದೂ ಇರಲಿಲ್ಲ. ವಾರಕ್ಕೊಮ್ಮೆ ಬ್ಯಾಕಪ್ ತೆಗೆದು ಬೇರೆ ಡಿಸ್ಕಿಗೆ ಹಾಕುವುದು ತಮ್ಮನ ಪಾಲಿನ ಕೆಲಸ. ಹಾಕಿದೆಯಾ ಎಂದು ಅಣ್ಣ ಪ್ರತಿ ಶನಿವಾರ ಕೇಳುತ್ತಿದ್ದ, ಹಾಕಿದೆ ಎಂದು ತಮ್ಮ ಹೇಳುತ್ತಿದ್ದ. ಆ ಡಿಸ್ಕು ಎರಡು ವರ್ಷದಿಂದ ಕಪಾಟಿನಲ್ಲಿ ಧೂಳು ತಿನ್ನುತ್ತ ಬಿದ್ದಿತ್ತು.

ಅಣ್ಣ ಬೈಯಲಿಲ್ಲ. ಗಡಿಯಾರದಮ್ಮನಿಗೆ ತಾನೇ ಫೋನು ಮಾಡಿ, ನನ್ನ ಕೈತಪ್ಪಿನಿಂದ ಎಲ್ಲ ಹೋಯಿತು ಎಂದ. ಮರುದಿನ ಅವಳು ಮನೆ ಬಾಗಿಲಿಗೇ ಬಂದು ಬಾಯಿಗೆ ಬಂದಂತೆ ಬೈದಳು. ನನ್ನ ಗಂಡ ಒಂದು ಸಲ ಸತ್ತಿದ್ದ, ನೀನು ಇನ್ನೊಂದು ಸಲ ಸಾಯಿಸಿದೆ ಎಂದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಯಿತು. ಅಣ್ಣ ತಲೆ ತಗ್ಗಿಸಿ ನಿಂತಿದ್ದ. ತಪ್ಪು ಮಾಡಿದವನು ಬಾಗಿಲ ಹಿಂದಿದ್ದ.

ಅಣ್ಣ ಐದು ತಿಂಗಳು ಹುಡುಕಿದ. ಸರ್ಚ್ ಎಂಜಿನ್‌ಗಳಲ್ಲಿ ಉಳಿದಿದ್ದ ಚೂರುಪಾರು, ಎಲ್ಲೆಲ್ಲಿಯ ಓದುಗರೋ ಇಳಿಸಿಕೊಂಡಿದ್ದ ಪುಟ, ಎಲ್ಲ ಸೇರಿಸಿ ಎಪ್ಪತ್ತೊಂದನ್ನು ಮರಳಿ ತಂದ. ಉಳಿದದ್ದು ಸಿಗಲೇ ಇಲ್ಲ. ತಮ್ಮ ಆ ಕೆಲಸ ಬಿಟ್ಟು ಗಾಜಿನ ಅಂಗಡಿ ಸೇರಿದ. ಕೆಟ್ಟ ಮೇಲೆ ಬುದ್ಧಿ ಬಂತು. ಮೂರು ಸಲ ಅಳೆಯದೆ ಒಂದು ಗಾಜನ್ನೂ ಕೊಯ್ಯುತ್ತಿರಲಿಲ್ಲ. ನಾಳೆ ಹೋಗಿ ಆಕೆಗೆ ನಿಜ ಹೇಳಿಬಿಡುತ್ತೇನೆ ಎಂದುಕೊಳ್ಳುತ್ತಲೇ ನಾಲ್ಕು ವರ್ಷ ದೂಡಿದ.

*

ಗಡಿಯಾರದಮ್ಮ ನೇರ ಅವನ ಬಳಿಗೇ ಬಂದು, ಅವನು ಬಿಡಿಸಿದ ಕುರ್ಚಿಯಲ್ಲೇ ಕುಳಿತು ಏದುಸಿರು ಬಿಟ್ಟಳು. ಅಣ್ಣ ಆಸ್ಪತ್ರೆಯಲ್ಲಿದ್ದಾಗ ಅಲ್ಲಿಯ ಬಾಗಿಲವರೆಗೂ ಎರಡು ಸಲ ಬಂದು ವಾಪಸು ಹೋಗಿದ್ದಳಂತೆ. ದಾರಿಯಲ್ಲಿ ಎದುರಾದಾಗೆಲ್ಲ ಮುಖ ತಿರುಗಿಸಿಕೊಂಡು ನಡೆದದ್ದನ್ನೂ ತಾನಾಗಿಯೇ ಹೇಳಿದಳು.

"ನಾಲ್ಕು ವರ್ಷ ಮಾತಾಡಿಸ್ಲಿಲ್ಲ ನಾನು. ಯಾರ ಕೈ ತಪ್ಪಲ್ಲ ಹೇಳಪ್ಪ? ಅವರು ಮಾಡಿದ್ದನ್ನ ಹೊಟ್ಟೆಗೆ ಹಾಕ್ಕೊಂಡಿದೀನಿ ಅಂತ ಒಂದು ಮಾತು ಹೇಳಿ ಹೋಗೋಣ ಅಂತ ಬಂದೆ. ಅವರಿಗೆ ಕೇಳ್ಸತ್ತೋ ಇಲ್ವೋ, ನನ್ನ ಜೀವ ಹಗುರ ಆಗತ್ತೆ."

ತಮ್ಮ ಸುಮ್ಮನಿದ್ದರೆ ಸಾಕಿತ್ತು. ಮುದುಕಿಗೆ ನೆಮ್ಮದಿ, ಇವನಿಗೆ ಮಾನ, ಎರಡೂ ಉಳಿಯುತ್ತಿದ್ದವು. ಅಣ್ಣ ಅತ್ತಿಗೆಗೂ ನಿಜ ಹೇಳಿರಲಿಲ್ಲ. ಗೊತ್ತಿದ್ದ ಒಬ್ಬನೇ ಒಬ್ಬ ಒಳಗೆ ಹೊದಿಕೆಯಡಿ ಮಲಗಿದ್ದ. ಆದರೆ ಅಣ್ಣ ತಾನು ಮಾಡದ ತಪ್ಪಿಗೆ ಕ್ಷಮೆ ಪಡೆದು ಹೋಗುವುದನ್ನು ತಮ್ಮನಿಗೆ ಸಹಿಸಲಾಗಲಿಲ್ಲ.

"ಅದು ಅಣ್ಣ ಮಾಡಿದ್ದಲ್ಲಮ್ಮ" ಎಂದ. "ಅಳಿಸಿದ್ದು ನಾನು. ಬ್ಯಾಕಪ್ ಇದೆ ಅಂತ ಸುಳ್ಳು ಹೇಳಿದ್ದೂ ನಾನೇ. ನೀವು ಬಂದು ಬೈದ ದಿನ ಬಾಗಿಲ ಹಿಂದೆ ನಿಂತಿದ್ದೆ."

ಕಿಟಕಿಯ ಒಳಗೆ ಅತ್ತಿಗೆ ತಲೆಯಾಡಿಸುವುದನ್ನು ನಿಲ್ಲಿಸಿದಳು.

ಗಡಿಯಾರದಮ್ಮ ಅವನನ್ನೇ ನೋಡಿದಳು. ಬೈಯುತ್ತಾಳೆ ಎಂದು ಅವನು ಕಾದ. ಬೈದಿದ್ದರೆ ಚೆನ್ನಾಗಿತ್ತು.

"ಅವರು ಬಾಯೇ ಬಿಡಲಿಲ್ಲ" ಎಂದಳು. "ಹೆತ್ತ ತಾಯಿನೂ ಸೇರಿಸಿ ಬೈದೆನಲ್ಲಪ್ಪ ನಾನು. ಸುಮ್ಮನೆ ನಿಂತಿದ್ರು."

ನನಗೆ ಏನು ಬೇಕಾದರೂ ಅನ್ನಿ ಎಂದು ತಮ್ಮ ತೊದಲಿದ.

"ನಿನ್ನ ವಿಷಯ ಆಮೇಲೆ. ಮೊದ್ಲು ನನ್ನ ಏಳ್ಸು."

ಹನ್ನೊಂದಾಗಿತ್ತು. ಒಳಗೆ ನಾಲ್ವರು ಎತ್ತಿಯೇ ಬಿಟ್ಟಿದ್ದರು. ಬೇಕರಿಯವರು ಹಿಟ್ಟು ಮೆತ್ತಿದ ಅಂಗಿಯಲ್ಲೇ ಬಂದು ಒಂದು ಮೂಲೆಗೆ ಹೆಗಲು ಕೊಟ್ಟಿದ್ದರು. ಗಡಿಯಾರದಮ್ಮ ತಮ್ಮನ ತೋಳು ಹಿಡಿದು ಬಾಗಿಲಿಗೆ ಅಡ್ಡವಾಗಿ ನಿಂತು, ಇಳಿಸಿ ಎಂದಳು. ಹೊತ್ತವರು ಅತ್ತಿಗೆಯತ್ತ ನೋಡಿದರು. ಅತ್ತಿಗೆ ಬಹಳ ಹೊತ್ತು ತಮ್ಮನ ಮುಖ ನೋಡಿದಳು. ಆಮೇಲೆ ಇಳಿಸಿ ಎಂದು ಕೈ ಮಾಡಿದಳು.

ಮುದುಕಿ ಮೊಣಕಾಲೂರಲು ಎರಡು ಸಲ ತಡವರಿಸಿದಳು. ಕನ್ನಡಕ ತೆಗೆದು ತಿರುಗಿ ನೋಡದೆಯೇ ತಮ್ಮನ ಕೈಗೆ ಕೊಟ್ಟು, ಅಣ್ಣನ ಕಿವಿಯ ಹತ್ತಿರ ಬಾಯಿ ತಂದು ಏನೋ ಹೇಳತೊಡಗಿದಳು. ಹೇಳಿ ಮುಗಿಯಲೇ ಇಲ್ಲ. ಹೊರಗೆ ಕಾಯುತ್ತಿದ್ದ ಶವದ ಗಾಡಿಯವನು ಎಂಜಿನ್ ಆರಿಸಿದ. ಅಷ್ಟು ಜನರಿದ್ದ ಕೋಣೆಯಲ್ಲಿ ಆಕೆಯ ಒಂದು ಮಾತೂ ಯಾರಿಗೂ ಕೇಳಿಸಲಿಲ್ಲ. ತಮ್ಮ ಆಕೆಯ ಕನ್ನಡಕವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ತನ್ನ ಸರದಿ ಬರಲೆಂದು ಗೋಡೆಗೆ ಒತ್ತಿ ನಿಂತಿದ್ದ.